ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ ಈ ಗಾದೆಗೆ ಮತ್ತೆ ಜೀವ ಬರುತ್ತದೆ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಶಾಲೆಯಲ್ಲೋ ಕೆಲಸ ಮಾಡುವ ಹೆಂಗಸು ‘ಲೆಕ್ಕ ತಾಳೆಯಾಗುತ್ತಿಲ್ಲ’ ಎಂದರೆ ಸಾಕು, ‘ನಿಮಗೆ ಕಂಪ್ಯೂಟರ್ ಬರುವುದಿಲ್ಲ ಮೇಡಂ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನೆಲ ನಿಜಕ್ಕೂ ಡೊಂಕಾಗಿದೆಯೇ ಎಂದು ಬಗ್ಗಿ ನೋಡುವ ವ್ಯವಧಾನ ಯಾರಿಗೂ ಇಲ್ಲ.

ನೋಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯೇ ಸಾಕ್ಷಿ. 1999ರಲ್ಲಿ ಅಲ್ಲಿನ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಲೆಕ್ಕದ ಸಾಫ್ಟ್‌ವೇರ್ ಬರತೊಡಗಿತು. ಅಲ್ಲಿ ಬಹಳಷ್ಟು ಅಂಚೆ ಕಚೇರಿಗಳನ್ನು ನಡೆಸುವವರು ಸಣ್ಣ ಅಂಗಡಿಯವರು. ಇವರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಹಣ ಕೊರತೆ ಕಾಣಿಸತೊಡಗಿತು. ಒಪ್ಪಂದದ ಪ್ರಕಾರ ಆ ಕೊರತೆಯನ್ನು ಅವರೇ ತುಂಬಿಕೊಡಬೇಕು. ಸಹಾಯ ಕೇಳಿದ ಎಷ್ಟೋ ಜನರಿಗೆ, ಈ ತೊಂದರೆ ನಿಮಗೊಬ್ಬರಿಗೇ ಎಂದು ಹೇಳಲಾಯಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು. ಭಾರತ ಮೂಲದ ಸೀಮಾ ಮಿಶ್ರಾ ಅವರಲ್ಲೊಬ್ಬರು. 2010ರಲ್ಲಿ 15 ತಿಂಗಳ ಶಿಕ್ಷೆಯಾಗಿ ಜೈಲಿಗೆ ಹೋದಾಗ ಆಕೆ ಗರ್ಭಿಣಿ.

ಕೊನೆಗೆ 555 ಮಂದಿ ಒಟ್ಟಾಗಿ ಹೂಡಿದ ದಾವೆಯಲ್ಲಿ, ದೋಷವಿದ್ದದ್ದು ಹೊರೈಜನ್‌ನಲ್ಲಿ ಎಂದು ಲಂಡನ್ನಿನ ಹೈಕೋರ್ಟು 2019ರಲ್ಲಿ ಹೇಳಿತು. ಸೀಮಾ ನಿರಪರಾಧಿ ಎನಿಸಿಕೊಂಡದ್ದು 2021ರಲ್ಲಿ. ಉಳಿದ ನೂರಾರು ಜನರ ಶಿಕ್ಷೆಯನ್ನು ರದ್ದುಪಡಿಸಲು 2024ರಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ಅಷ್ಟರೊಳಗೆ ಮನೆ ಮಾರಿದವರು, ಊರು ಬಿಟ್ಟವರು, ಪ್ರಾಣ ಬಿಟ್ಟವರು ಎಷ್ಟೋ ಮಂದಿ.

ಯಂತ್ರ ತಪ್ಪು ಮಾಡಿದ್ದು ನನಗೆ ದೊಡ್ಡ ಅಪರಾಧವಾಗಿ ಕಾಣುವುದಿಲ್ಲ. ಮನುಷ್ಯ ಮಾಡಿದ್ದು ಕೆಡುತ್ತದೆ. ದೂರು ಕೊಟ್ಟ ಒಬ್ಬೊಬ್ಬರನ್ನೂ ಒಂಟಿಯಾಗಿಸಿ, ತಪ್ಪು ನಿನ್ನದೇ ಎಂದು ನಂಬಿಸಿದರಲ್ಲ, ಅಪರಾಧ ಅದು. ಆ ಮಾತು ನಮಗೆ ಹೊಸದಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ, ಮಗುವಿಗೆ ಅಂಕ ಕಡಿಮೆಯಾದರೂ ಮೊದಲು ನಮ್ಮನ್ನೇ ಅನುಮಾನಿಸಿಕೊಳ್ಳುವುದನ್ನು ಚಿಕ್ಕಂದಿನಿಂದ ಕಲಿತು ಬಂದಿದ್ದೇವೆ. ನಾನು ದುಡಿದ ಶಾಲೆಯೊಂದರಲ್ಲಿ ಮಕ್ಕಳ ವಿವರ ತುಂಬುವ ಹೊಸ ವ್ಯವಸ್ಥೆ ಬಂದಾಗ, ಅರ್ಧ ದಿನ ತರಬೇತಿ ಕೊಟ್ಟು ಮರುದಿನವೇ ಹಳೆಯ ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೆಸರುಗಳು ಮಾಯವಾದಾಗ ನೋಟೀಸು ಬಂದದ್ದು ಶಿಕ್ಷಕಿಯರಿಗೆ.

ಹಾಗಾದರೆ ನೀವು ಕಂಪ್ಯೂಟರಿನ ವಿರೋಧಿಯೇ ಎಂದು ಕೇಳುವವರಿದ್ದಾರೆ. ಅಲ್ಲ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯಿಂದ ಪಹಣಿಗಾಗಿ ರೈತರು ಅಲೆಯುವುದು ಎಷ್ಟೋ ಕಡಿಮೆಯಾಯಿತು. ಆದರೆ ಅಲ್ಲಿ ಕಂಪ್ಯೂಟರಿಗೆ ಸೇರಿಸಿದ ವಿವರಗಳನ್ನು ಮುದ್ರಿಸಿ, ಗ್ರಾಮಲೆಕ್ಕಿಗರಿಂದ ಕೈಬರಹದ ಪಹಣಿಯೊಂದಿಗೆ ತಾಳೆ ನೋಡಿಸಿದ್ದರು. ಹಳೆಯದನ್ನು ಬಲ್ಲವರ ಕಣ್ಣು ಬೇಕು ಎಂಬ ವಿವೇಕ ಅದು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸ ಸಾಫ್ಟ್‌ವೇರ್ ಬಂದ ಮೇಲೂ ಮೂರು ತಿಂಗಳು ಹಳೆಯ ಲೆಕ್ಕ ಜೊತೆಯಲ್ಲೇ ನಡೆಯಲಿ. ತರಬೇತಿ ಸಭಾಂಗಣದಲ್ಲಿ ಬೇಡ, ಅವರವರ ಮೇಜಿನ ಮುಂದೆ, ಅವರದೇ ಆ ದಿನದ ಕೆಲಸದ ಮೇಲೆ ಆಗಲಿ. ಬಂದ ದೂರುಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಲಿ. ಲೆಕ್ಕ ತಪ್ಪಿದರೆ ಯಂತ್ರವನ್ನೂ ವಿಚಾರಿಸದೆ ಯಾರ ಸಂಬಳಕ್ಕೂ ಕೈಹಾಕಬಾರದು.

ಮೇಲಿನವರು ಇಷ್ಟನ್ನು ಮಾಡುವವರೆಗೆ ನಾವಾದರೂ ಒಂದು ಕೆಲಸ ಮಾಡಬಹುದು. ಹಣ ಕೊರತೆ ಬಿತ್ತೆಂದು ಗುಟ್ಟಾಗಿ ನಮ್ಮ ಪರ್ಸು ತೆಗೆಯುವ ಮೊದಲು, ಪಕ್ಕದ ಶಾಖೆಯ ಗೆಳತಿಗೆ ಫೋನು ಮಾಡಿ ಕೇಳೋಣ: ‘ನಿಮ್ಮಲ್ಲೂ ಹೀಗಾಗಿದೆಯೇನೇ?’