ಹುಂಡಿ ಕೇಳದ ಹೆಸರನ್ನು ವಿಪಿಎನ್ ಯಾಕೆ ಕೇಳಬೇಕು?

ಉತ್ತರ ಕನ್ನಡದ ಕರ್ಕಿಯಿಂದ ಹೊರಟು ಧಾರೇಶ್ವರಕ್ಕೆ ಹೋಗಿ, ಇಡಗುಂಜಿಗೆ ಹೋಗಿ, ಮುರ್ಡೇಶ್ವರಕ್ಕೆ ಹೋಗಿ. ಯಾವ ದೇವಸ್ಥಾನದ ಹುಂಡಿಯೂ ಕಾಣಿಕೆ ಹಾಕಿದವರ ಹೆಸರು ಕೇಳುವುದಿಲ್ಲ. ಹೆಸರು, ನಕ್ಷತ್ರ ಬೇಕಾಗುವುದು ಅರ್ಚನೆಯ ಚೀಟಿಗೆ. ಇದು ಬರೀ ಭಕ್ತರ ರೂಢಿಯಲ್ಲ, ಸರ್ಕಾರವೂ ಒಪ್ಪಿಕೊಂಡ ರೂಢಿ. ಹೆಸರಿಲ್ಲದ ದೇಣಿಗೆಗೆ ಶೇ 30ರ ತೆರಿಗೆ ಹಾಕುವ 115ಬಿಬಿಸಿ ಎಂಬ ಕಲಮು 2006ರ ಹಣಕಾಸು ಕಾಯ್ದೆಯ ಮೂಲಕ ಬಂದಾಗ, ಪೂರ್ತಿ ಧಾರ್ಮಿಕವಾದ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟರು. ರಾಜಕೀಯ ಪಕ್ಷಗಳಿಗೂ ಇಂಥದೇ ಸಲುಗೆ ಇದೆ: 20,000 ರೂಪಾಯಿ ದಾಟದ ದೇಣಿಗೆ ಕೊಟ್ಟವರ ಹೆಸರನ್ನು ಅವು ಚುನಾವಣಾ ಆಯೋಗಕ್ಕೆ ಹೇಳಬೇಕಿಲ್ಲ. ಕರ್ಕಿ ದೈವಜ್ಞ ಮಠದ ಊರು, ಚಿನ್ನದ ಕೆಲಸ ಬಲ್ಲ ಸಮಾಜದ ಗುರುಪೀಠ ಇರುವ ಊರು. ಆದ್ದರಿಂದ ಚಿನ್ನದ ಮಾತನ್ನೂ ಆಡಬಹುದು. 2 ಲಕ್ಷ ರೂಪಾಯಿಗಿಂತ ಕಡಿಮೆಯ ಒಡವೆಯನ್ನು ನಗದು ಕೊಟ್ಟು ಕೊಂಡರೆ ಪ್ಯಾನ್ ಆಗಲಿ ಆಧಾರ್ ಆಗಲಿ ಬೇಡವೆಂದು ಕೇಂದ್ರದ ಹಣಕಾಸು ಸಚಿವಾಲಯವೇ 2021ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಮೊತ್ತ ಸಣ್ಣದಿದ್ದರೆ ಹೆಸರಿನ ಗೊಡವೆ ಬೇಡ ಎಂಬ ಈ ವಿವೇಕ ನಮ್ಮ ಕಾನೂನಿನಲ್ಲಿ ಅಲ್ಲಲ್ಲಿ ಹಬ್ಬಿಕೊಂಡಿದೆ. ಅದು ತಪ್ಪಿಹೋಗಿರುವುದು ಒಂದು ಕಡೆ: ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಕೊಟ್ಟು ಇಂಟರ್‌ನೆಟ್ಟಿನಲ್ಲಿ ತನ್ನ ಖಾಸಗಿತನ ಕಾಪಾಡಿಕೊಳ್ಳಲು ಹೊರಟವರ ವಿಷಯದಲ್ಲಿ.

ವಿಪಿಎನ್ ಎಂದರೆ, ನಾವು ಯಾವ ಜಾಲತಾಣಕ್ಕೆ ಹೋಗುತ್ತೇವೆ ಎಂಬುದು ಇಂಟರ್‌ನೆಟ್ ಕೊಡುವ ಕಂಪನಿಗೆ ಕಾಣದ ಹಾಗೆ, ನಾವು ಎಲ್ಲಿಂದ ಬಂದೆವು ಎಂಬುದು ಆ ತಾಣಕ್ಕೆ ಕಾಣದ ಹಾಗೆ ನಡುವೆ ನಿಲ್ಲುವ ಸೇವೆ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ಗ್ರಾಹಕರ ಖಚಿತಪಡಿಸಿದ ಹೆಸರು, ವಿಳಾಸ, ಫೋನ್ ನಂಬರು, ಕೊಟ್ಟ ಐಪಿ ವಿಳಾಸಗಳು, ಕೊನೆಗೆ ಸೇವೆಯನ್ನು ಯಾವ ಉದ್ದೇಶಕ್ಕೆ ಪಡೆದರು ಎಂಬುದನ್ನೂ ವಿಪಿಎನ್ ಕಂಪನಿಗಳು ಬರೆದಿಟ್ಟುಕೊಳ್ಳಬೇಕು. ಗ್ರಾಹಕ ಬಿಟ್ಟುಹೋದ ಮೇಲೂ 5 ವರ್ಷ ಕಾಪಾಡಬೇಕು. ಸಂಸ್ಥೆಗಳು ತಮ್ಮ ನೌಕರರಿಗಾಗಿ ಇಟ್ಟುಕೊಳ್ಳುವ ವಿಪಿಎನ್‌ಗೆ ಇದು ಅನ್ವಯಿಸದು ಎಂದು ಮೇ ತಿಂಗಳಲ್ಲಿ ವಿವರಣೆ ಬಂತು. ಅಂದರೆ ಕಂಪನಿಯ ಗುಟ್ಟಿಗೆ ವಿನಾಯಿತಿ ಸಿಕ್ಕಿತು, ಮನುಷ್ಯನ ಗುಟ್ಟಿಗೆ ಸಿಗಲಿಲ್ಲ. ಒಪ್ಪದವರು ಭಾರತ ಬಿಟ್ಟು ಹೋಗಬಹುದು ಎಂಬರ್ಥದ ಮಾತನ್ನು ಕೇಂದ್ರದ ಆಗಿನ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಆಡಿದರು; ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ತಮ್ಮ ಸರ್ವರುಗಳನ್ನು ಇಲ್ಲಿಂದ ಎತ್ತಿಕೊಂಡು ಹೋದವು. ಆ ಸಚಿವರು ರಾಜ್ಯಸಭೆಗೆ ಹೋಗಿದ್ದು ಕರ್ನಾಟಕದಿಂದ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ ಪ್ರಕರಣದಲ್ಲಿ ಅರ್ಜಿದಾರರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಒಂದೇ ರಾಜ್ಯದ ಇಬ್ಬರ ಹೆಸರು ಈ ವಾದದ ಎರಡು ದಡದಲ್ಲಿ ನಿಂತಿದೆ.

ನಿರ್ದೇಶನದ ಬಗ್ಗೆ ಚರ್ಚೆಯಾದದ್ದೆಲ್ಲ ಸರ್ವರು, ಲಾಗುಗಳ ಸುತ್ತ. ಹಣ ಕೊಡುವ ಕ್ಷಣದ ಕಡೆ ಹೆಚ್ಚು ಜನ ನೋಡಲಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ. ಕಂಪನಿ ಏನನ್ನೂ ಬರೆದಿಟ್ಟುಕೊಳ್ಳದೆ ಹೋದರೂ, ಕಾರ್ಡಿನಲ್ಲೋ ಯುಪಿಐನಲ್ಲೋ ಕೊಟ್ಟ ಹಣ ಬ್ಯಾಂಕಿನ ಪುಸ್ತಕದಲ್ಲಿ ಕೂತಿರುತ್ತದೆ: ಇಂಥವರು, ಇಂಥ ದಿನ, ಇಂಥ ಸೇವೆ ಕೊಂಡರು. ಬೀಗ ಕೊಂಡವರ ಪಟ್ಟಿ ಊರ ಚಾವಡಿಯಲ್ಲಿ ತೂಗುಹಾಕಿದ ಹಾಗೆ. ಹಾಗಾದರೆ ಪುಕ್ಕಟೆ ಸಿಗುವುದನ್ನು ಬಳಸಲಿ ಎನ್ನುವವರಿಗೆ ಓನಾವೊ ಕಥೆ ಗೊತ್ತಿರಲಿಕ್ಕಿಲ್ಲ. 2013ರಲ್ಲಿ ಫೇಸ್‌ಬುಕ್ ಕೊಂಡುಕೊಂಡ ಆ ಪುಕ್ಕಟೆ ವಿಪಿಎನ್, ರಕ್ಷಣೆ ಕೊಡುತ್ತೇನೆಂದು ಹೇಳಿಕೊಂಡೇ ಬಳಕೆದಾರರು ಬೇರೆ ಯಾವ ಆ್ಯಪ್ ಬಳಸುತ್ತಾರೆಂದು ಒಡೆಯನಿಗೆ ವರದಿ ಮಾಡುತ್ತಿತ್ತು. 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಇದಕ್ಕೆ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನಂಬಬಹುದಾದ ಸೇವೆ ಬೇಕೆಂದರೆ ಹೆಚ್ಚಾಗಿ ದುಡ್ಡು ಕೊಡಬೇಕು. ದುಡ್ಡು ಕೊಟ್ಟರೆ ಹೆಸರು ಬೀಳುತ್ತದೆ. ಸ್ವೀಡನ್ನಿನ ಮುಲ್‌ವಾಡ್ ಈ ಸಿಕ್ಕನ್ನು ಹಳೇ ಕಾಲದ ರೀತಿಯಲ್ಲಿ ಬಿಡಿಸಿತು: ಇಮೇಲ್ ಸಹ ಕೇಳದೆ ಒಂದು ಖಾತೆ ಸಂಖ್ಯೆ ಕೊಡುತ್ತದೆ, ತಿಂಗಳಿಗೆ 5 ಯೂರೊ, ಬೇಕಾದರೆ ನೋಟನ್ನೇ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡಬಹುದು. 2023ರ ಏಪ್ರಿಲ್‌ನಲ್ಲಿ ಪೊಲೀಸರು ಶೋಧದ ವಾರಂಟ್ ಹಿಡಿದು ಗೋಥೆನ್‌ಬರ್ಗ್‌ನ ಅದರ ಕಚೇರಿಗೆ ಬಂದರು, ಗ್ರಾಹಕರ ಮಾಹಿತಿ ಇಲ್ಲವೇ ಇಲ್ಲವೆಂದು ತಿಳಿದು ಬರಿಗೈಯಲ್ಲಿ ಹೋದರು. ಇಲ್ಲದ ಪುಸ್ತಕವನ್ನು ಯಾರೂ ಜಪ್ತಿ ಮಾಡಲಾರರು, ಯಾವ ಕಳ್ಳನೂ ಕದಿಯಲಾರ. ನಮ್ಮಲ್ಲಿ ಇರುವ ಪುಸ್ತಕಗಳ ಗತಿ ಏನಾಗುತ್ತದೆಂದು 2023ರ ಜೂನ್‌ನಲ್ಲಿ ನೋಡಿದ್ದೇವೆ, ಕೋವಿಡ್ ಲಸಿಕೆಗೆ ಕೊಟ್ಟ ವಿವರಗಳು ಟೆಲಿಗ್ರಾಂನಲ್ಲಿ ಕೇಳಿದವರಿಗೆಲ್ಲ ಸಿಗತೊಡಗಿದಾಗ.

ಮುಚ್ಚಿಡುವಂಥದ್ದು ಏನಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿದ್ದು ನೆನಪಿರಬಹುದು. ವರ್ಷಕ್ಕೆ 40 ಲಕ್ಷ ದಾಟಿದ ಸರಕಿನ ವಹಿವಾಟಿಗೆ ನೋಂದಣಿ ಬೇಕೆಂಬುದು ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರಿದವರಿಗೂ, ಕೈಸಾಲದ ಹಣವನ್ನು ಅದೇ ಖಾತೆಗೆ ಹಾಕಿಸಿಕೊಂಡವರಿಗೂ ನಡುಕ ಹುಟ್ಟಿತು. ಬೆಂಗಳೂರಿನ ಅಂಗಡಿಗಳು ಕ್ಯೂಆರ್ ಹಾಳೆ ಕಿತ್ತು ‘ನಗದು ಮಾತ್ರ’ ಎಂದು ಬರೆದವು. ಹಳೇ ಬಾಕಿ ವಸೂಲಿ ಮಾಡುವುದಿಲ್ಲವೆಂದು ಕೊನೆಗೆ ಮುಖ್ಯಮಂತ್ರಿಯೇ ಹೇಳಬೇಕಾಯಿತು. ಚಿಲ್ಲರೆ ತೊಂದರೆ ತಪ್ಪಲೆಂದು ಹುಟ್ಟಿದ ದಾಖಲೆ ಮೂರ್ನಾಲ್ಕು ವರ್ಷಗಳ ನಂತರ ಬೇರೊಂದು ಇಲಾಖೆಯ ಮೇಜಿನ ಮೇಲೆ ಬೇರೊಂದು ಅರ್ಥ ಪಡೆಯಿತು. ವಿಪಿಎನ್ ಕೊಂಡ ದಾಖಲೆಗೆ ಇದಕ್ಕಿಂತ ಒಳ್ಳೆಯ ಭವಿಷ್ಯವನ್ನು ನಾನು ಕಾಣಲಾರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ನಿಂತ ಮೀನುಗಾರರ ಮೇಲೆ ಪೊಲೀಸ್ ಪ್ರಕರಣಗಳಿವೆ. ಅವರಲ್ಲೊಬ್ಬರು ವಕೀಲರೊಡನೆ ಗುಟ್ಟಾಗಿ ಮಾತಾಡಲು ಈ ಸೇವೆ ಕೊಂಡರೆ ‘ಉದ್ದೇಶ’ದ ಕಾಲಮಿನಲ್ಲಿ ಏನು ಬರೆಯಬೇಕು? ವಿಳಾಸದಲ್ಲಿ ಭಟ್ಕಳ ಎಂಬ ಹೆಸರಿದ್ದರೆ ಸಾಕು, ಎರಡೆರಡು ಸಲ ತಿರುಗಿ ನೋಡುವ ಅಧಿಕಾರಿಗಳಿರುವ ದೇಶದಲ್ಲಿ ಆ ಊರಿನ ವಿದ್ಯಾರ್ಥಿ ಏನು ಬರೆಯಬೇಕು? 2025ರ ಮೇ ತಿಂಗಳಲ್ಲಿ ಜಮ್ಮು ಮತ್ತು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ವಿಪಿಎನ್ ಬಳಕೆಯನ್ನೇ ನಿಷೇಧಿಸಿದರು. ಇಂಥ ಆದೇಶ ಬಂದ ಮರುದಿನ ಯಾರ ಮನೆಗೆ ಹೋಗಬೇಕೆಂದು ಹಣಪಾವತಿಯ ಪಟ್ಟಿ ಹೇಳಿಬಿಡುತ್ತದೆ.

ದೇಶದ ಭದ್ರತೆಯ ಆಕ್ಷೇಪ ಹಗುರವಾದದ್ದಲ್ಲ, ಅದರಲ್ಲೂ ಉತ್ತರ ಕನ್ನಡ ಜಿಲ್ಲೆಯಲ್ಲಿ. ಕಾರವಾರದ ಕದಂಬ ನೌಕಾನೆಲೆಯ ಮಾಹಿತಿ ಪಾಕಿಸ್ತಾನಕ್ಕೆ ಸೋರಿಕೆಯಾದ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ ಜಿಲ್ಲೆಯವರನ್ನೇ ಬಂಧಿಸಿತು. ಆದರೆ ಆರೋಪ ಇರುವುದು ಸಾಮಾಜಿಕ ಜಾಲತಾಣದ ಗೆಳೆತನದ ಬಲೆಗೆ ಬಿದ್ದ ಬಗ್ಗೆ; ಹಿಡಿದದ್ದು ತನಿಖೆಯಿಂದ, ವಿಪಿಎನ್ ರಿಜಿಸ್ಟರಿನಿಂದಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರ, ಕುಮಟಾ ಕೋಮುಗಲಭೆಯಿಂದ ಹೊತ್ತಿಕೊಂಡಾಗಲೂ ವದಂತಿಗೆ ಮುಖವಾಡ ಬೇಕಾಗಲಿಲ್ಲ: ಸಂಸದೆಯೊಬ್ಬರ ಮೇಲೆ ಹೊನ್ನಾವರದಲ್ಲಿ ಪ್ರಕರಣ ದಾಖಲಾದದ್ದು ಅವರು ತಮ್ಮದೇ ಹೆಸರಿನ ಖಾತೆಯಲ್ಲಿ ಮಾಡಿದ ಟ್ವೀಟಿಗೆ. ಇನ್ನು ಸೈಬರ್ ವಂಚನೆ. 2024ರಲ್ಲಿ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಹೇಳಿದೆ. ಆ ಹಣ ಹೆಚ್ಚಾಗಿ ಹರಿದದ್ದು ಕೆವೈಸಿ ಮುಗಿಸಿದ ಬ್ಯಾಂಕ್ ಖಾತೆಗಳ ಮೂಲಕ, ಬಡವರಿಂದ ಬಾಡಿಗೆಗೆ ಪಡೆದ ಖಾತೆಗಳ ಮೂಲಕ. ಹೆಸರು ಕೇಳುವ ವ್ಯವಸ್ಥೆಯಲ್ಲಿ ಕಳ್ಳ ಬೇರೆಯವರ ಹೆಸರು ಕೊಡುತ್ತಾನೆ, ಸಾಚಾ ಮನುಷ್ಯನೊಬ್ಬನೇ ತನ್ನ ಹೆಸರು ಕೊಡುತ್ತಾನೆ.

ಹಾಗೆಂದು ಎಲ್ಲ ಮೊತ್ತಕ್ಕೂ ಕತ್ತಲು ಬೇಕೆಂದು ನಾನು ಕೇಳುತ್ತಿಲ್ಲ. ಮೊನೆರೊದಂಥ ಕ್ರಿಪ್ಟೊ ನಾಣ್ಯದಲ್ಲಿ ಕೋಟಿಗಟ್ಟಲೆ ಸಾಗಿಸುವುದು ಬೇರೆ ವ್ಯವಹಾರ, ಅದರ ವಕಾಲತ್ತು ನನ್ನದಲ್ಲ. ಹೆಸರಿಲ್ಲದೆ ಹಣ ಕೊಟ್ಟ ಮಾತ್ರಕ್ಕೆ ಯಾರೂ ಅದೃಶ್ಯರಾಗುವುದೂ ಇಲ್ಲ. ಮನೆಯ ಸಂಪರ್ಕದ ಐಪಿ ವಿಳಾಸ ವಿಪಿಎನ್ ಕಂಪನಿಗೆ ಕಾಣುತ್ತಲೇ ಇರುತ್ತದೆ. ಕೇಳುತ್ತಿರುವುದು ಇಷ್ಟೇ: ಚಿನ್ನದಂಗಡಿಯಲ್ಲಿ ಇರುವ ಮಿತಿ ಇಲ್ಲಿಯೂ ಇರಲಿ. ದಾರಿ ಸರ್ಕಾರದ ಕೈಯಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಡಿಜಿಟಲ್ ರೂಪಾಯಿಯ ಟಿಪ್ಪಣಿಯಲ್ಲಿ, ಸಣ್ಣ ಮೊತ್ತಕ್ಕೆ ಅನಾಮಿಕತೆ, ದೊಡ್ಡ ಮೊತ್ತಕ್ಕೆ ಜಾಡು ಎಂಬ ತತ್ವವನ್ನೇ ಪರಿಗಣಿಸಿತ್ತು. ಅದೇ ವರ್ಷದ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಇ-ರೂಪಾಯಿಯ ಚಿಲ್ಲರೆ ಪ್ರಯೋಗ ಆರಂಭವಾಯಿತು. ಆ ತತ್ವ ಕಾನೂನಿನ ಬಲದೊಂದಿಗೆ ಜಾರಿಗೆ ಬಂದು, ಐನೂರು ರೂಪಾಯಿಯ ಇಂಥ ಸೇವೆಗೆ ಅದರಲ್ಲಿ ಹಣ ಕೊಡುವಂತಾದರೆ ನೋಟು ತುಂಬಿದ ಲಕೋಟೆ ಸ್ವೀಡನ್ನಿಗೆ ಹೋಗಬೇಕಾಗಿಲ್ಲ. ಅದಕ್ಕೂ ಮೊದಲು ಸರ್ಟ್-ಇನ್ ನಿರ್ದೇಶನದಿಂದ ಹೆಸರು, ವಿಳಾಸ, ಉದ್ದೇಶ ಎಂಬ ಮೂರು ಕಾಲಮುಗಳನ್ನು ಅಳಿಸಬೇಕು. ಸಾರ್ವಜನಿಕರ ಅಭಿಪ್ರಾಯ ಕೇಳದೆ ಬರೆದ ನಿರ್ದೇಶನ ಅದು. ಅಳಿಸಲು ಸಂಸತ್ತಿನ ಕಾಯ್ದೆಯೇನೂ ಬೇಕಾಗಿಲ್ಲ, ಹೊರಡಿಸಿದ ಕಚೇರಿಯ ಇನ್ನೊಂದು ಆದೇಶ ಸಾಕು.