ಬಿಥೂನ್ಯದ ಮುಚ್ಚಿದ ಬಾಗಿಲು
ಕಾಡುಗೋಡಿಯ ಪ್ರಾರ್ಥನಾ ಕೂಟಗಳಲ್ಲಿ ಐಟಿ ಹುಡುಗರ ದೊಡ್ಡ ಬೇಡಿಕೆ ಆನ್‌ಸೈಟ್ ವೀಸಾ. ಅದು ತಿರಸ್ಕೃತವಾದಾಗ, ‘ದೇವರು ಇನ್ನೂ ದೊಡ್ಡದನ್ನು ಇಟ್ಟಿದ್ದಾನೆ’ ಎಂದು ಬೆನ್ನು ತಟ್ಟುತ್ತೇವೆ. ಹಾಗೆ ಮಾತು ಕೊಡಲು ನಾವು ಯಾರು? ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ನೋಡಿ. ಬಿಥೂನ್ಯಕ್ಕೆ ಹೊರಟ ಪೌಲನನ್ನು ಪವಿತ್ರಾತ್ಮನು ಬಿಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅವನು ಮುನಿಸಿಕೊಂಡು ಊರಿಗೆ ಮರಳದೆ ತ್ರೋವಕ್ಕೆ ಇಳಿದ, ದರ್ಶನ ಕಂಡು ಸಮುದ್ರ ದಾಟಿ ಫಿಲಿಪ್ಪಿ ಸೇರಿದ. ಅಲ್ಲಿ ಬಟ್ಟೆ ವ್ಯಾಪಾರಿ ಲುದ್ಯಳ ಮನೆಯೇನೋ ತೆರೆಯಿತು, ಆದರೆ ಛಡಿಯೇಟು, ಸೆರೆಮನೆ, ಕಾಲಿಗೆ ಕೋಳವೂ ಬಿತ್ತು. ನಡುರಾತ್ರಿ ಜೊತೆಗಾರ ಸೀಲನೊಡನೆ ಹಾಡಿದ್ದು ಆ ಕೋಳದಲ್ಲೇ. ಹಾಗೆಂದು ನೊಂದವರನ್ನು ಇವತ್ತೇ ಹಾಡಿ ಎಂದು ಒತ್ತಾಯಿಸುವುದು ತಪ್ಪು. ತಂದೆಯ ಚಿತ್ತಕ್ಕೆ ಒಪ್ಪಿಸಿಕೊಳ್ಳುವ ಮುನ್ನ ಯೇಸುಸ್ವಾಮಿಯೇ ಗೆತ್ಸೆಮನೆಯಲ್ಲಿ ನೆಲಕ್ಕೆ ಬಿದ್ದು, ಸಂಕಟದ ಆ ಪಾತ್ರೆ ತೊಲಗಲಿ ಎಂದು ಬೇಡಿಕೊಂಡರು. ವೀಸಾ ಸಿಗದವರು ಮೊದಲು ಅಳಲಿ. ನಾವು ಪಕ್ಕದಲ್ಲಿ ಕೂತಿರೋಣ.