ಬ್ರೌಸರಿನೊಳಗೊಂದು ಅಂಚೆಪೆಟ್ಟಿಗೆ ಬೇಕು

‘ಬ್ರೌಸರಿಗೂ ಮಿಂಚಂಚೆಗೂ ಏನು ಸಂಬಂಧ ಮೇಷ್ಟ್ರೇ? ಜಿಮೇಲ್ ತಾಣವನ್ನು ತೆರೆದರೆ ಸಾಲದೇ?’ ಎಂದು ಗಣಕೋದ್ಯಮದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಸಾಲದು ಎಂಬುದೇ ನನ್ನ ಉತ್ತರ. ಪತ್ರಗಳನ್ನು ಇಳಿಸಿಕೊಂಡು ನಮ್ಮ ಗಣಕದಲ್ಲಿಯೇ ಕಾಪಿಡುವ ವ್ಯವಸ್ಥೆ ಪ್ರತಿಯೊಂದು ಬ್ರೌಸರಿನಲ್ಲಿಯೂ ಇರತಕ್ಕದ್ದು.

ಇದು ಹೊಸ ಬೇಡಿಕೆಯಲ್ಲ. 1997ರ ನೆಟ್‌ಸ್ಕೇಪ್ ಕಮ್ಯುನಿಕೇಟರ್‌ನಲ್ಲಿ ಬ್ರೌಸರೂ ಅಂಚೆಯೂ ಒಂದೇ ಸೂರಿನಡಿ ಇದ್ದವು; 2003ರ ಒಪೇರಾ 7ರಲ್ಲಿಯೂ ಹಾಗೆಯೇ. 2004ರಲ್ಲಿ ಮೊಜಿಲ್ಲಾದವರ ಮನೆ ಪಾಲಾಯಿತು: ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0, ಡಿಸೆಂಬರಿನಲ್ಲಿ ಅಂಚೆಗೆಂದೇ ಥಂಡರ್‌ಬರ್ಡ್ 1.0. 2013ರಲ್ಲಿ ಒಪೇರಾ ಕೂಡ ತನ್ನ 15ನೆಯ ಆವೃತ್ತಿಯಿಂದ ಅಂಚೆಯನ್ನು ಹೊರಗಿಟ್ಟಿತು. ಅದೇ ಒಪೇರಾದ ಸ್ಥಾಪಕರಲ್ಲೊಬ್ಬರು ಕಟ್ಟಿದ ವಿವಾಲ್ಡಿ, 2022ರಲ್ಲಿ ಅದನ್ನು ಮರಳಿ ಒಳಗೆ ಕರೆಯಿತು.

ತಾಣದಲ್ಲಿ ಪತ್ರ ಓದುವುದೆಂದರೆ ಅಂಚೆಕಚೇರಿಯ ಕಟಕಟೆಯ ಮುಂದೆ ನಿಂತು ಓದಿ, ಅಲ್ಲಿಯೇ ಹಿಂದಿರುಗಿಸಿ ಬಂದಂತೆ. ಕಚೇರಿ ಮುಚ್ಚಿದರೆ? ಯಾಹೂ ಗ್ರೂಪ್ಸ್‌ನಲ್ಲಿ ವರ್ಷಗಟ್ಟಲೆ ಕೂಡಿದ್ದ ಪತ್ರವ್ಯವಹಾರವನ್ನು 2019ರಲ್ಲಿ ತಾಣದಿಂದ ತೆಗೆಯಲು ತೊಡಗಿ, 2020ರ ಡಿಸೆಂಬರಿನಲ್ಲಿ ಆ ಸೇವೆಯನ್ನೇ ನಿಲ್ಲಿಸಿದರು. ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ಇದರ ಅರ್ಥವನ್ನು ಯೋಚಿಸಿ. ಮನೆಯ ಹಿರಿಯರೊಬ್ಬರು ತೀರಿಕೊಳ್ಳುತ್ತಾರೆ. ಗುಪ್ತಪದ ಯಾರಿಗೂ ತಿಳಿಯದು. ದೂರದೇಶದ ಮಕ್ಕಳಿಗೆ ಅವರು ಬರೆದದ್ದು, ಅವರಿಗೆ ಮಕ್ಕಳು ಬರೆದದ್ದು ಎಲ್ಲವೂ ಎರಡು ವರ್ಷದ ಬಳಿಕ ಅಳಿಸಿಹೋಗಬಹುದು. ನಮ್ಮ ಅಜ್ಜಂದಿರ ಕಾರ್ಡುಗಳಾದರೋ ಕಬ್ಬಿಣದ ಪೆಟ್ಟಿಗೆಯಲ್ಲಿ ಐವತ್ತು ವರ್ಷ ಉಳಿದವು.

‘ಬೇಕಾದವರು ಥಂಡರ್‌ಬರ್ಡ್ ಹಾಕಿಕೊಳ್ಳಲಿ’ ಎನ್ನುವಿರಿ. ಹಾಕಿಕೊಳ್ಳಬಲ್ಲವರಿಗೆ ನನ್ನ ವಕಾಲತ್ತು ಬೇಕಿಲ್ಲ. ಎಷ್ಟೋ ವೃದ್ಧರಿಗೆ ಗಣಕವೆಂದರೆ ಬ್ರೌಸರೊಂದೇ. ಅಲ್ಲಿಲ್ಲದ ಸೌಲಭ್ಯ ಅವರ ಪಾಲಿಗೆ ಇಲ್ಲವೇ ಇಲ್ಲ.

‘ಬ್ರೌಸರು ಭಾರವಾಗುತ್ತದೆ’ ಎಂಬುದು ಎರಡನೆಯ ಆಕ್ಷೇಪ. ವಿವಾಲ್ಡಿಯಲ್ಲಿ ಬೇಡವಾದವರು ಅಂಚೆಯ ಭಾಗವನ್ನು ಸ್ಥಗಿತಗೊಳಿಸಿಡಬಹುದು, ಉಳಿದವರಿಗೇಕೆ ಅಸಾಧ್ಯ? ‘ಒಂದರ ಬಿರುಕಿನಿಂದ ಮತ್ತೊಂದಕ್ಕೆ ಅಪಾಯ’ ಎಂಬುದು ಮೂರನೆಯದು. ಆದರೆ ತಾಣದ ಮೂಲಕ ಓದುವಾಗಲೂ ಪತ್ರ ತೆರೆದುಕೊಳ್ಳುವುದು ಅದೇ ಬ್ರೌಸರಿನೊಳಗೆ ಅಲ್ಲವೇ? ಇನ್ನು ಗಣಕವೂ ಕೆಡುತ್ತದೆ, ನಿಜ. ಅದಕ್ಕೇ ಪೆನ್ ಡ್ರೈವಿನಲ್ಲಿ ಮತ್ತೊಂದು ಪ್ರತಿ ಇರಬೇಕು. ಪ್ರತಿ ತೆಗೆಯಬೇಕಾದರೂ ಪತ್ರ ಮೊದಲು ನಮ್ಮ ಕೈಯಲ್ಲಿರಬೇಕಷ್ಟೆ.

ತಂತ್ರಾಂಶ ರಚಿಸುವ ನನ್ನ ಶಿಷ್ಯರೇ, ಒಪ್ಪದಿದ್ದರೆ ಧಾರಾಳವಾಗಿ ವಾದಿಸಿ. ಅದಕ್ಕೂ ಮೊದಲು, ಈ ಭಾನುವಾರ ನಿಮ್ಮ ತಂದೆತಾಯಿಯರ ಪಕ್ಕದಲ್ಲಿ ಕುಳಿತು ಅವರ ಪತ್ರಗಳನ್ನು ಮನೆಯ ಗಣಕಕ್ಕೆ ಇಳಿಸಿಕೊಡಿ.